ಅಪ್‌ಡೇಟ್: ಮುತ್ತಜ್ಜನ ಟ್ರಂಕಿನ ಪತ್ರಿಕೆಗಳು ಉಳಿದವು

ಹೋದ ತಿಂಗಳು ಕೇಳಿದ್ದೆ: ಧಾರವಾಡದ ನಮ್ಮ ಹಳೆ ಮನೆಯ ಅಟ್ಟದಲ್ಲಿ ಮುತ್ತಜ್ಜನ ಟ್ರಂಕು ಸಿಕ್ಕಿದೆ, ಒಳಗೆ 1920ರ ದಶಕದ ‘ಕರ್ಮವೀರ’ ಸಂಚಿಕೆಗಳು, ಫೋಟೋಗಳು, ಕಾಗದಗಳಿವೆ, ಲ್ಯಾಮಿನೇಷನ್ ಮಾಡಿಸಲಾ ಅಂತ. ಬೇಡವೇ ಬೇಡ ಅಂದಿರಿ. ನಿಮ್ಮ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತು!

ಪತ್ರಿಕೆಗಳದ್ದೇ ಜಾಸ್ತಿ ಕಷ್ಟ. ಮರದ ತಿರುಳಿನ ಅಗ್ಗದ ಕಾಗದ ಅಲ್ವಾ, ತನ್ನೊಳಗಿನ ಆಮ್ಲದಿಂದಲೇ ಕಂದು ಬಣ್ಣಕ್ಕೆ ತಿರುಗಿದೆ. ಮಡಿಕೆ ಬಿಚ್ಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ ಸ್ಕ್ಯಾನರ್‌ನಲ್ಲಿ ಒತ್ತಲಿಲ್ಲ. ಬಿಸಿಲು ನೇರ ಬೀಳದ ಕಡೆ ಹಾಸಿ, ಮೇಲಿನಿಂದ ಕ್ಯಾಮೆರಾದಲ್ಲಿ ಒಂದೊಂದೇ ಪುಟ ತೆಗೆದೆವು. ಈಗ ಆಮ್ಲವಿಲ್ಲದ ಕಾಗದದ ನಡುವೆ, ಅಗಲ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಮಲಗಿವೆ.

ಫೋಟೋಗಳನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದೆ. ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಎಳೆಯಲು ಹೋಗಿಲ್ಲ, ತಿಳಿದವರ ಕೈಗೇ ಕೊಡುತ್ತೇನೆ.

ಇನ್ನು ಕಾಗದಗಳು. ಗುಂಡುಸೂಜಿಯ ತುಕ್ಕು ಮೂರು ಹಾಳೆಗಳ ಆಚೆಗೂ ಇಳಿದಿತ್ತು. ಸೂಜಿಗಳನ್ನು ಮೆಲ್ಲಗೆ ಬಿಡಿಸಿದೆ. ಬೆಳಗಾವಿಯ ಬೀಗರು ಬರೆದ ಕಾಗದಗಳು ಮರಾಠಿಯಲ್ಲಿವೆ, ಅದೂ ಮೋಡಿ ಲಿಪಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡಕ್ಷರದ ಬರಹ. ಮನೆಯಲ್ಲಿ ಒಬ್ಬರಿಗೂ ಓದಲು ಬರಲಿಲ್ಲ. ಕೊನೆಗೆ ಪರಿಚಯದ ನಿವೃತ್ತ ಮಾಸ್ತರರೊಬ್ಬರು ಬಂದು ಒಂದನ್ನು ಓದಿದರು. ಮುತ್ತಜ್ಜಿಯ ಬಾಣಂತನಕ್ಕೆ ತುಪ್ಪ ಕಳಿಸಿದ್ದೇವೆ, ಡಬ್ಬಿ ತಿರುಗಿ ಕಳಿಸಿ, ಕೂಸಿಗೆ ಏನು ಹೆಸರಿಟ್ಟಿರಿ ಅಂತ ಇತ್ತು. ಆ ಕೂಸು ನಮ್ಮಜ್ಜ. ಅಪ್ಪ ಮಾತಾಡದೆ ಸುಮ್ನೆ ಕೂತುಬಿಟ್ಟರು.

ಇನ್ನೂ ಹದಿನೇಳು ಕಾಗದ ಬಾಕಿ ಇವೆ. ಭಾನುವಾರ ಮಾಸ್ತರರು ಮತ್ತೆ ಬರುತ್ತಾರೆ.