ಪದಚರ್ಚೆ: ಸ್ಪೀಕರ್ ಜೋಡಣೆಗೆ ‘ಸರಣಿ’, ‘ಸಮಾಂತರ’ ಸಾಕೇ?

ಗೆಳೆಯರೇ,

ರಿಸೀವರಿಗೆ (ಹಾಡಿನ ಸಿಗ್ನಲನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ) ಸ್ಪೀಕರ್ ಜೋಡಿಸುವ ಬಗೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೆರಡು ಕಡೆ ಪದಗಳು ಕೈಕೊಡುತ್ತಿವೆ.

ಶಾಲೆಯಲ್ಲಿ ರೋಧಕಗಳ ಪಾಠದಲ್ಲಿ ‘ಸರಣಿ ಜೋಡಣೆ’ (ಸೀರೀಸ್), ‘ಸಮಾಂತರ ಜೋಡಣೆ’ (ಪ್ಯಾರಲಲ್) ಎಂದು ಓದಿದ್ದೇವೆ. ಹಾಳೆಯ ಮೇಲಿನ ಚಿತ್ರಕ್ಕೆ ಎರಡೂ ಚೆನ್ನಾಗಿ ಹೊಂದುತ್ತವೆ. ರಿಸೀವರಿನ ಹಿಂದೆ ಬಗ್ಗಿ ತಂತಿ ಸಿಕ್ಕಿಸುವವರಿಗೆ ಮಾತ್ರ ಗೊಂದಲ.

ರಿಸೀವರಿನಿಂದ ಮೊದಲ ಸ್ಪೀಕರಿಗೆ ಕೆಂಪು, ಕಪ್ಪು ಎರಡೂ ತಂತಿ ಎಳೆದಿರಿ ಎನ್ನಿ. ಆ ಸ್ಪೀಕರಿನ ಕೆಂಪು ಟರ್ಮಿನಲ್‌ನಿಂದ ಎರಡನೆಯದರ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ಮುಂದುವರಿಸಿದಿರಿ. ನೋಡಿದವರು ಇದನ್ನು ‘ಸರಣಿ’ ಅಂತಲೇ ಅಂದುಕೊಳ್ಳುತ್ತಾರೆ. ಒಂದಾದ ಮೇಲೊಂದು ಇದೆ, ಅಲ್ವಾ? ಆದರೆ ಕರೆಂಟಿನ ಲೆಕ್ಕದಲ್ಲಿ ಇದು ಅಪ್ಪಟ ಸಮಾಂತರ. 8 ಓಮ್‌ನ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎರಡು ಸ್ಪೀಕರ್ ಸೇರಿ ರಿಸೀವರಿಗೆ 4 ಓಮ್ ಆಗುತ್ತವೆ. ನಿಜವಾದ ಸರಣಿಯಲ್ಲಿ ರಿಸೀವರಿನ ಕೆಂಪು ಮೊದಲ ಸ್ಪೀಕರಿನ ಕೆಂಪಿಗೆ, ಅದರ ಕಪ್ಪು ಎರಡನೆಯದರ ಕೆಂಪಿಗೆ, ಎರಡನೆಯದರ ಕಪ್ಪು ವಾಪಸ್ ರಿಸೀವರಿನ ಕಪ್ಪಿಗೆ. ಆಗ 16 ಓಮ್.

ಇದು ಸುಮ್ನೆ ಪದದ ತಕರಾರಲ್ಲ. ರಿಸೀವರಿನ ಹಿಂದೆ ‘6ರಿಂದ 16 ಓಮ್’ ಎಂದು ಅಚ್ಚಾಗಿದ್ದರೆ 4 ಓಮ್ ಅದರ ಮಿತಿಯ ಹೊರಗೆ. 8 ಓಮ್‌ನ ಒಂದೇ ಸ್ಪೀಕರ್ ಇದ್ದಾಗಿನ ಎರಡರಷ್ಟು ಕರೆಂಟನ್ನು, ಅದೇ ವೋಲ್ಟೇಜಿನಲ್ಲಿ, ಅದು ಕೊಡಬೇಕಾಗುತ್ತದೆ. ದನಿ ಏರಿಸಿದರೆ ಬಿಸಿಯಾಗಿ ತಾನೇ ಆರಿಹೋಗಬಹುದು, ಕೆಟ್ಟೂ ಹೋಗಬಹುದು. ಎ, ಬಿ ಎಂದು ಎರಡು ಜೊತೆ ಸ್ಪೀಕರಿಗೆ ಜಾಗವಿರುವ ರಿಸೀವರುಗಳಲ್ಲಿ ಇನ್ನೊಂದು ತೊಡಕು. ಎರಡನ್ನೂ ಒಟ್ಟಿಗೆ ಹಾಕಿದಾಗ ಕೆಲವು ಒಳಗೆ ಸಮಾಂತರವಾಗಿ ಕೂಡಿಸುತ್ತವೆ, ಕೆಲವು ಸರಣಿಯಾಗಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಹಾಗಾಗಿ ತಂತಿ ಕಾಣುವ ರೀತಿಯನ್ನಲ್ಲ, ಕರೆಂಟ್ ಹರಿಯುವ ದಾರಿಯನ್ನು ಹೇಳುವ ಪದ ಬೇಕು ಅನ್ನಿಸುತ್ತದೆ. ಸಮಾಂತರಕ್ಕೆ ‘ಕವಲು ಜೋಡಣೆ’ ಎನ್ನೋಣವೇ? ಕರೆಂಟ್ ಕವಲೊಡೆದು ಒಂದೊಂದು ಸ್ಪೀಕರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಸರಣಿಗೆ ‘ಒಂದೇ ದಾರಿ ಜೋಡಣೆ’. ಸ್ವಲ್ಪ ಉದ್ದ ಆಯಿತು, ಆದರೆ ತಪ್ಪು ತಿಳಿಯುವ ಸಂಭವ ಕಡಿಮೆ. ‘ಸರಪಳಿ’ ಎಂಬ ಸಲಹೆ ದಯವಿಟ್ಟು ಬೇಡ. ಮೇಲೆ ಹೇಳಿದ ಗೊಂದಲವನ್ನು ಅದು ಇನ್ನಷ್ಟು ಗಟ್ಟಿ ಮಾಡುತ್ತದೆ.

‘ಲೋಡ್’, ಅಂದರೆ ಸ್ಪೀಕರ್ ರಿಸೀವರಿನ ಮೇಲೆ ಹೇರುವ ಭಾರಕ್ಕೆ ಬಳಸುವ ‘ಹೊರೆ’ಯದೂ ಸ್ವಲ್ಪ ತಂಟೆಯೇ. ಓಮ್ ಇಳಿದಷ್ಟೂ ಹೊರೆ ಏರುತ್ತದೆ. ‘4 ಓಮ್‌ನ ಹೊರೆ 8 ಓಮ್‌ಗಿಂತ ಭಾರ’ ಎಂದು ಬರೆದರೆ ಓದುವವರು ಅಚ್ಚಿನ ತಪ್ಪು ಅಂದುಕೊಂಡಾರು. ಪದ ಸರಿಯಾಗಿದೆ, ಬಿಡಿಸಿ ಹೇಳುವ ಒಂದು ಸಾಲು ಜೊತೆಗಿದ್ದರೆ ಸಾಕು ಅಂತ ನನ್ನ ಅಭಿಪ್ರಾಯ.

ಇನ್ನು ‘ಫೇಸ್’, ಅಂದರೆ ಎರಡು ಸ್ಪೀಕರುಗಳು ಒಟ್ಟಿಗೆ ಒಂದೇ ದಿಕ್ಕಿಗೆ ಅಲುಗುತ್ತಿವೆಯೇ ಎಂಬುದು. ಎರಡರಲ್ಲಿ ಒಂದು ಸ್ಪೀಕರಿಗೆ ಮಾತ್ರ ಕೆಂಪು-ಕಪ್ಪು ಅದಲುಬದಲಾದರೆ, ಒಂದರ ಕೋನ್ (ಅಲುಗಿ ದನಿ ಹೊರಡಿಸುವ ಭಾಗ) ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ. ಬಾಸ್ ಸೊರಗುತ್ತದೆ. ನಡುವಿನಿಂದ ಕೇಳಬೇಕಾದ ಹಾಡುವ ದನಿ ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಇದಕ್ಕೆ ‘ಪ್ರಾವಸ್ಥೆ’ ಎಂದರೆ ಯಾರೂ ಮುಂದೆ ಓದಲಾರರು. ‘ಹಂತ’ ಎಂದರೆ ಕೆಲಸದ ಮೊದಲ ಹಂತ, ಎರಡನೆಯ ಹಂತ ಎಂಬ ಅರ್ಥವೇ ಮೊದಲು ಬರುತ್ತದೆ. ‘ಎರಡು ಸ್ಪೀಕರುಗಳ ಹೆಜ್ಜೆ ತಪ್ಪಿದೆ’ ಎಂದು ಬರೆದು ನೋಡಿದೆ, ನನಗೆ ಇಷ್ಟವಾಯಿತು. ಹೆಸರುಪದವಾಗಿ ಬೇಕಾದಾಗ ಮಾತ್ರ ‘ಹೆಜ್ಜೆ’ ಒಗ್ಗುವುದಿಲ್ಲ.

ಬೈ-ವೈರಿಂಗ್ (ಒಂದೇ ಸ್ಪೀಕರಿನ ಬಾಸ್ ಭಾಗಕ್ಕೂ ಮೇಲಿನ ದನಿಯ ಭಾಗಕ್ಕೂ ಬೇರೆ ಬೇರೆ ಕೇಬಲ್), ಬೈ-ಆಂಪಿಂಗ್ (ಆ ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್) ಪದಗಳನ್ನು ಹಾಗೇ ಬಿಡುತ್ತೇನೆ. ಮೊದಲನೆಯದಕ್ಕೆ ‘ಜೋಡಿ ತಂತಿ’ ಎಂದರೆ ಎಲ್ಲ ಸ್ಪೀಕರ್ ಕೇಬಲ್ಲೂ ಜೋಡಿ ತಂತಿಯೇ ಆಗುತ್ತದೆ.

ನನ್ನ ಮುಖ್ಯ ಅನುಮಾನ ‘ಕವಲು’ ಬಗ್ಗೆ. ಒಂದೇ ತಂತಿಯನ್ನು ನಡುವೆ ಸೀಳಬೇಕು ಎಂಬ ಅರ್ಥ ಬಂದೀತೇ? ವೈರಿಂಗ್ ಕೆಲಸ ಮಾಡುವವರು ಇಲ್ಲಿದ್ದರೆ, ನೀವು ದಿನಾ ಆಡುವ ಮಾತೇನು, ‘ಪ್ಯಾರಲಲ್’ ಒಂದೇನಾ ಅಥವಾ ಬೇರೆ ಕನ್ನಡ ಪದವೂ ಇದೆಯಾ, ತಿಳಿಸಿ.