ಬರೆಯೋಕೆ ಕೊಟ್ಟ ಕೂಡಲೇ ಹಾಳೆ ಹರಿಯೋ ಹುಡುಗ: ಎಬಿಎ (ವರ್ತನೆಯ ಕಾರಣ ಗಮನಿಸಿ ಬದಲಿಸುವ ಪದ್ಧತಿ) ಪ್ರಕಾರ ಎಲ್ಲಿಂದ ಶುರು ಮಾಡೋದು?

ಒಂದನೇಕ್ಲಾಸ್_ಟೀಚರ್ (ದಾವಣಗೆರೆ):
ಹುಡುಗನಿಗೆ 6 ವರ್ಷ, ಆಟಿಸಂ ಇದೆ, ಮಾತು ಎರಡು ಮೂರು ಪದ ಅಷ್ಟೇ. ಬರೆಯೋಕೆ ಕೊಟ್ಟರೆ ಚೀರುತ್ತಾನೆ, ಹಾಳೆ ಹರಿದು ಎಸೆಯುತ್ತಾನೆ. ವರಾಂಡದಲ್ಲಿ ಕೂರಿಸಿದರೆ ಐದು ನಿಮಿಷದಲ್ಲಿ ತಣ್ಣಗಾಗುತ್ತಾನೆ. ಆದರೆ ವಾರದಿಂದ ವಾರಕ್ಕೆ ಜಾಸ್ತಿಯೇ ಆಗ್ತಿದೆ. "ಗಮನ ಕೊಡಬೇಡಿ, ತಾನೇ ಬಿಡ್ತಾನೆ" ಅಂತ ಮನೆಯವರಿಗೆ ಯಾರೋ ಹೇಳಿದ್ದಾರೆ, ಅದೂ ನಡೀಲಿಲ್ಲ. ಎಬಿಸಿ ಪಟ್ಟಿಯಲ್ಲಿ (ವರ್ತನೆಗೆ ಮೊದಲು ಏನಾಯಿತು, ವರ್ತನೆ ಏನು, ಆಮೇಲೆ ಏನಾಯಿತು ಅನ್ನೋ ದಾಖಲೆ) ಏನು ಬರೀಬೇಕು, ಎಷ್ಟು ದಿನ? ಮಂಡಕ್ಕಿ, ಚಾಕ್ಲೇಟ್ ಕೊಟ್ಟು ಕೆಲಸ ಮಾಡಿಸೋದು ಲಂಚ ಅಲ್ವಾ? ಇಲ್ಲಿ ಯಾರನ್ನು ಕಾಣಬೇಕು?

ಕೋಟೆ_ಕಲ್ಲು (ಚಿತ್ರದುರ್ಗ):
ಮೇಡಂ, ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಹಾಳೆ ಹರಿದ, ವರಾಂಡಕ್ಕೆ ಹೋದ, ಬರೆಯೋದು ತಪ್ಪಿತು. ನೀವು ಶಿಕ್ಷೆ ಅಂದುಕೊಂಡಿದ್ದು ಅವನಿಗೆ ಬಿಡುಗಡೆ. ಅವನು ಹೊರಗೆ ಹೋದ ಕೂಡಲೇ ಕ್ಲಾಸೂ ಶಾಂತವಾಗುತ್ತೆ, ಹಾಗಾಗಿ ಹೊರಗೆ ಕಳಿಸೋ ಅಭ್ಯಾಸ ನಿಮ್ಮಲ್ಲೂ ಗಟ್ಟಿಯಾಗುತ್ತೆ. ಇಬ್ಬರಿಗೂ ಒಂದೇ ನಿಯಮ: ಕಿರಿಕಿರಿ ತಪ್ಪಿಸಿದ ವರ್ತನೆ ಮತ್ತೆ ಬರುತ್ತೆ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅನ್ನೋದು ಇದಕ್ಕೇ. ಅದನ್ನು ಶಿಕ್ಷೆ ಅಂತ ತಿಳಿಯೋ ಗೊಂದಲ ಟ್ರೇನಿಂಗ್ ಆದವರಲ್ಲೂ ಇದೆ.

ವರ್ತನೆಯಿಂದ ಸಿಗೋ ಫಲವನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡ್ತಾರೆ: ಜನರ ಗಮನ, ಬೇಕಾದ ವಸ್ತು, ಬೇಡದ್ದರಿಂದ ಪಾರಾಗೋದು, ಮತ್ತು ಆ ವರ್ತನೆಯೇ ಕೊಡೋ ದೇಹಾನುಭವ. ಗಮನಕ್ಕಾಗಿ ಚೀರುವ ಮಗುವಿಗೆ "ನೋಡದ ಹಾಗೆ ಇರಿ" ಅನ್ನೋ ಸಲಹೆ ಸರಿ. ಪಾರಾಗಲು ಚೀರುವವನನ್ನು ಸುಮ್ಮನೆ ಬಿಟ್ಟರೆ ಅವನಿಗೆ ಬೇಕಾಗಿದ್ದೂ ಅದೇ. ಮನೆಯಲ್ಲಿ ನಡೆಯದಿದ್ದಕ್ಕೆ ಇದೇ ಕಾರಣ ಇರಬೇಕು, ಆದರೆ ಪಟ್ಟಿ ನೋಡದೆ ತೀರ್ಮಾನ ಬೇಡ.

ಪಟ್ಟಿಗೆ ಐದು ಕಾಲಂ: ಗಂಟೆ, ಮೊದಲು ಏನಾಯಿತು, ಅವನು ಏನು ಮಾಡಿದ, ತಕ್ಷಣ ಏನು ಸಿಕ್ಕಿತು ಅಥವಾ ತಪ್ಪಿತು, ಎಷ್ಟು ಹೊತ್ತು. "ಹಟ ಮಾಡಿದ", "ಸಿಟ್ಟು ಬಂತು" ಅಂತ ಬರೀಬೇಡಿ. "10:40, ಕಾಪಿ ಪುಸ್ತಕ ಕೊಟ್ಟೆ, 4ನೇ ನಿಮಿಷಕ್ಕೆ ಹಾಳೆ ಹರಿದ, ಪುಸ್ತಕ ತೆಗೆದಿಟ್ಟೆ, 6 ನಿಮಿಷ" ಅಂತ ಬರೆಯಿರಿ. 5 ಶಾಲಾ ದಿನ, ನಿಮ್ಮ ಪದ್ಧತಿ ಏನೂ ಬದಲಿಸದೆ. ಒಂದು ದಿನ ಸಹಾಯಕಿಯೂ ಬೇರೆ ಕೂತು ಎಣಿಸಲಿ. ನಿಮ್ಮದು 12, ಅವರದು 9 ಆದರೆ 9 ಭಾಗಿಸು 12, ಅಂದರೆ ಶೇ. 75 ಹೊಂದಾಣಿಕೆ. 80ಕ್ಕಿಂತ ಕಡಿಮೆ ಬಂತು ಅಂದರೆ ನಿಮ್ಮ ವ್ಯಾಖ್ಯೆ ಸಡಿಲ. ಹಾಳೆ ಮಡಚಿ ಮುದುಡಿದ್ದನ್ನೂ ಎಣಿಸಬೇಕಾ ಬೇಡವಾ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಗಣಿತದಲ್ಲಿ, ಚಿತ್ರ ಬಿಡಿಸುವಾಗ, ಊಟದಲ್ಲಿ ಹರಿಯದೇ ಇದ್ದದ್ದನ್ನೂ ಬರೆಯಿರಿ. ಹೆಚ್ಚು ಸುಳಿವು ಸಿಗೋದು ಅಲ್ಲೇ.

ಮಿರ್ಚಿ_ಮಂಡಕ್ಕಿ:
ಪಟ್ಟಿಯಲ್ಲಿ "ಪಾರಾಗೋದು" ಅಂತಲೇ ಬಂದರೆ ಮುಂದಿನ ಹೆಜ್ಜೆ, ಹರಿಯುವ ಬದಲು ಬಿಡುವು ಕೇಳೋದನ್ನು ಕಲಿಸೋದು. ಕಾರ್ ಮತ್ತು ಡ್ಯೂರಾಂಡ್ ಅನ್ನೋ ಸಂಶೋಧಕರು 1985ರಲ್ಲಿ ತೋರಿಸಿಕೊಟ್ಟ ದಾರಿ ಇದು.

ಅಂಗೈ ಅಗಲದ ರಟ್ಟಿನ ಚೀಟಿ, ಮೇಲೆ ಕೈ ಎತ್ತಿದ ಚಿತ್ರ, ಕೆಳಗೆ "ಸಾಕು". ಮೇಜಿಗೆ ವೆಲ್ಕ್ರೋದಲ್ಲಿ ಅಂಟಿಸಿ. ಪುಸ್ತಕ ಕೊಟ್ಟ ಮೇಲೆ ಹರಿಯೋಕೆ ಬೇಗ ಅಂದರೆ 3 ನಿಮಿಷ ತಗೊಳ್ತಾನೆ ಅಂತ ಪಟ್ಟಿ ಹೇಳಿದರೆ, ನೀವು 2ನೇ ನಿಮಿಷಕ್ಕೇ ಚೀಟಿ ಕೊಡಿಸಬೇಕು. ಚೀರೋಕೆ ಶುರುವಾದ ಮೇಲೆ ಕೊಡಿಸಿದರೆ "ಚೀರು, ಆಮೇಲೆ ಚೀಟಿ" ಅನ್ನೋ ಜೋಡಿಯನ್ನೇ ಕಲೀತಾನೆ. ಸಹಾಯಕಿ ಹಿಂದಿನಿಂದ ಮೊಣಕೈ ಮೆಲ್ಲಗೆ ಮುಟ್ಟಿ ಚೀಟಿಯತ್ತ ತಿರುಗಿಸಲಿ. ಕೈ ಎಳೆದುಕೊಂಡರೆ ಒತ್ತಾಯ ಬೇಡ, ಬೆರಳು ತೋರಿಸಿದರೆ ಸಾಕು. ನೀವು ಮುಂದೆ ನಿಂತು "ಏನು ಬೇಕು, ಹೇಳು" ಅನ್ನಬೇಡಿ. ಆಮೇಲೆ ಆ ಪ್ರಶ್ನೆ ಕೇಳದೆ ಚೀಟಿ ಮುಟ್ಟೋದೇ ಇಲ್ಲ.

ಚೀಟಿ ಕೈಗೆ ಬಂದ ಕ್ಷಣ ಪುಸ್ತಕ ಬದಿಗೆ, 1 ನಿಮಿಷ ಬಿಡುವು, ಮೊಬೈಲ್ ಟೈಮರ್ ಇಟ್ಟು. ಗಂಟೆ ಹೊಡೆದ ಮೇಲೆ ಅದೇ ಪುಟಕ್ಕೆ ವಾಪಸ್. ಹರಿದರೆ? ಬೈಗುಳವಿಲ್ಲ, ಬಿಡುವೂ ಇಲ್ಲ. ಇನ್ನೊಂದು ಹಾಳೆ ಇಡಿ, ಒಂದೇ ಅಕ್ಷರ ಬರೆಸಿ, ಚೀಟಿ ಕಡೆ ತೋರಿಸಿ. ಮೊದಲ ಕೆಲ ದಿನ ರಂಪ ಏರಬಹುದು, ಅದು ನಿರೀಕ್ಷಿತ. ನಾಲ್ಕು ಸಲ ಬಿಗಿಯಾಗಿದ್ದು ಐದನೇ ಸಲ ಸುಸ್ತಾಗಿ ವರಾಂಡಕ್ಕೆ ಕಳಿಸೋದು ಎಲ್ಲಕ್ಕಿಂತ ಕೆಟ್ಟದ್ದು. ಆಗೊಮ್ಮೆ ಈಗೊಮ್ಮೆ ಫಲ ಕೊಡುವ ವರ್ತನೆ ಬೇಗ ಅಳಿಯಲ್ಲ. ತಲೆ ಚಚ್ಚಿಕೊಳ್ಳುವ, ಕಚ್ಚುವ ಮಗುವಾದರೆ ಈ ಭಾಗವನ್ನು ತಜ್ಞರಿಲ್ಲದೆ ಮುಟ್ಟಲೇಬೇಡಿ.

ಲಂಚದ ಮಾತು: ರಂಪ ನಡೀತಿರುವಾಗ ಬಾಯಿ ಮುಚ್ಚಿಸೋಕೆ ಚಾಕ್ಲೇಟ್ ತೋರಿಸೋದು ಲಂಚ. ಕೆಲಸ ಆದ ಮೇಲೆ, ಮೊದಲೇ ಹೇಳಿದ್ದನ್ನು ಕೊಡೋದು ಬೇರೆ. ಏನು ಕೊಡಬೇಕು ಅಂತ ನಾವು ಊಹಿಸೋದೂ ತಪ್ಪು. 5 ವಸ್ತು ತಗೊಂಡು ಎರಡೆರಡು ಪಕ್ಕಪಕ್ಕ ಇಡಿ, ಒಟ್ಟು 10 ಜೋಡಿ ಆಗುತ್ತೆ. ಹೆಚ್ಚು ಸಲ ಕೈ ಹಾಕಿದ್ದೇ ಅವನ ಆಯ್ಕೆ. ಮಂಡಕ್ಕಿಯೇ ಗೆದ್ದರೆ ಒಂದು ಸಲಕ್ಕೆ ನಾಲ್ಕು ಕಾಳು ಸಾಕು, ಮುಷ್ಟಿ ತುಂಬ ಕೊಟ್ಟರೆ ಮೂರನೇ ಸಲಕ್ಕೇ ಬೇಜಾರು. ಬಿಸಿಯೂಟ ಆದ ಮೇಲಂತೂ ಅದಕ್ಕೆ ಬೆಲೆಯೇ ಇರಲ್ಲ.

ಹೊಂಡದ_ನೀರು:
ಮೇಲಿನದೆಲ್ಲ ಒಪ್ಪುತ್ತೇನೆ, ಆದರೆ ಯಾರೂ ಕೇಳದ ಪ್ರಶ್ನೆ: ಬರವಣಿಗೆ ಅವನಿಗೆ ಅಷ್ಟು ಬೇಡವಾಗಿದ್ದು ಯಾಕೆ? ಪೆನ್ಸಿಲ್ ಹಿಡಿತ ಬಂದಿದೆಯಾ? ಬಂದಿಲ್ಲದಿದ್ದರೆ ದಪ್ಪ ಬಳಪ, ಸ್ಲೇಟು ಕೊಡಿ. ಗೊತ್ತಿರೋ ಮೂರು ಅಕ್ಷರಕ್ಕೆ ಹೊಸದೊಂದು ಬೆರೆಸಿ. ಎಷ್ಟೋ ಸಲ ಇಷ್ಟಕ್ಕೇ ಹರಿಯೋದು ಅರ್ಧ ಇಳಿಯುತ್ತೆ. ಇದ್ದಕ್ಕಿದ್ದಂತೆ ಶುರುವಾದ ವರ್ತನೆಯಾದರೆ ಪಟ್ಟಿಗೂ ಮೊದಲು ಕಿವಿ, ಹಲ್ಲು, ಮಲಬದ್ಧತೆ ಡಾಕ್ಟರ್ ಹತ್ತಿರ ತೋರಿಸಲಿ.

ಕೈ ಆಡಿಸೋದು, ಕಣ್ಣಲ್ಲಿ ಕಣ್ಣಿಟ್ಟು ನೋಡದಿರೋದು ಇಂಥದ್ದನ್ನು ಗುರಿ ಮಾಡಬೇಡಿ. ಆಟಿಸಂ ಮಕ್ಕಳಿಗೆ ಎಬಿಎ ಬಳಸಿದ ಮೊದಲಿಗರಲ್ಲಿ ಒಬ್ಬರಾದ ಲೋವಾಸ್ ಕಾಲದಲ್ಲಿ ಹೊಡೆತವೂ ಇತ್ತು. ಆಟಿಸಂ ಇರುವ ದೊಡ್ಡವರು ಇವತ್ತೂ ಈ ಪದ್ಧತಿಯನ್ನು ಅನುಮಾನದಿಂದ ನೋಡೋದು ಸುಮ್ಮನೆ ಅಲ್ಲ. 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಅನ್ನೋ ಸಂಶೋಧಕರು ಈ ಶಾಸ್ತ್ರದ ಏಳು ಲಕ್ಷಣ ಬರೆದಾಗ ಮೊದಲನೆಯದೇ, ಬದಲಿಸುವ ವರ್ತನೆ ಆ ವ್ಯಕ್ತಿಯ ಬದುಕಿಗೆ ಮುಖ್ಯವಾಗಿರಬೇಕು ಅನ್ನೋದು.

ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಅಂಗವಿಕಲರ ಪುನರ್ವಸತಿ ಕೇಂದ್ರ) ಇದೆ, ಅಲ್ಲಿ ವಿಚಾರಿಸಿ. ಖಾಸಗಿ ಸೆಂಟರ್ ಆದರೆ ಥೆರಪಿಸ್ಟ್ ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ. "ಬಿಸಿಬಿಎ" (ಎಬಿಎ ತಜ್ಞರ ಪ್ರಮಾಣಪತ್ರ) ಅಂತ ಬೋರ್ಡ್ ಹಾಕಿದ್ದರೆ ಯಾವ ವರ್ಷದ್ದು ಅಂತ ಕೇಳಿ. ಅದನ್ನು ಕೊಡುವ ಅಮೆರಿಕದ ಮಂಡಳಿ 2023ರಿಂದ ಭಾರತದಿಂದ ಹೊಸ ಅರ್ಜಿ ತಗೊಳ್ತಿಲ್ಲ. ವಾರದ ಗ್ರಾಫ್ ತೋರಿಸಿ ಅಂದಾಗ ತಡವರಿಸುವ ಸೆಂಟರ್ ಬೇಡ.

ಒಂದನೇಕ್ಲಾಸ್_ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಒಂದು ಭಯ: ಪೀರಿಯಡ್ ತುಂಬಾ ಚೀಟಿಯನ್ನೇ ಕೊಡ್ತಾ ಕೂತರೆ?

ಮಿರ್ಚಿ_ಮಂಡಕ್ಕಿ:
ಕೊಡ್ತಾನೆ, ಮೊದಲ ವಾರ ಪ್ರತಿ ಸಲವೂ ಒಪ್ಪಿಕೊಳ್ಳಿ. 10ರಲ್ಲಿ 8 ಸಲ ಯಾರ ಸಹಾಯವೂ ಇಲ್ಲದೆ ಚೀಟಿ ಕೊಟ್ಟು, ಅದು ಸತತ 3 ದಿನ ನಿಂತ ಮೇಲೆ "ಒಂದು ಅಕ್ಷರ, ಆಮೇಲೆ ಸಾಕು" ಅನ್ನಿ. ನಂತರ ಎರಡು, ನಂತರ ಒಂದು ಸಾಲು. ಹರಿಯೋದು ಮತ್ತೆ ಕಂಡರೆ ಒಂದು ಮೆಟ್ಟಿಲು ಇಳಿಯಿರಿ. ಚೀಟಿಯನ್ನು ಮಾತ್ರ ಮುಚ್ಚಿಡಬೇಡಿ. ಚೀಟಿ ಕಾಣದ ದಿನ ಹಾಳೆ ಹರಿಯುತ್ತೆ.