ಕಾವಿಗೆ ಕೂತ ಹೇಂಟೆ, ಮರಿಯಾಗದ ಮೊಟ್ಟೆ: ಡಾಕ್ಟರ್ ಹತ್ತಿರ ಕೇಳಿದ್ದು

ಪ್ರಶ್ನೆ (ಹೊಸನಗರ ಕಡೆಯವರು): ನಮಸ್ತೆ ಡಾಕ್ಟ್ರೇ. ನಮ್ಮ ನಾಟಿ ಹೇಂಟೆ ಮತ್ತೆ ಕಾವಿಗೆ ಕೂತಿದೆ. ಕೈ ಹಾಕಿದರೆ ಮೈ ಉಬ್ಬಿಸಿಕೊಂಡು ಕುಕ್ಕಲು ಬರುತ್ತೆ, ಕೆಳಗೆ ಒಂದು ಮೊಟ್ಟೆ ಇಲ್ಲದಿದ್ದರೂ ಬುಟ್ಟಿ ಬಿಟ್ಟು ಏಳಲ್ಲ. ಹೋದ ಬೇಸಿಗೆಯಲ್ಲಿ ಇದಕ್ಕೇ ಹದಿನೈದು ಮೊಟ್ಟೆ ಇಟ್ಟಿದ್ದೆ, ಅರ್ಧಕ್ಕರ್ಧ ಕೊಳೆತು ಹೋದವು. ಬುಟ್ಟಿಗೆ ಕಬ್ಬಿಣದ ಚೂರು ಹಾಕಿರಲಿಲ್ಲ, ಗುಡುಗಿಗೆ ಕೆಟ್ಟವು ಅಂತಾರೆ ನಮ್ಮ ಅತ್ತೆ. ಮೊಟ್ಟೆ ಎಲ್ಲಾ ಮೂರು ವಾರದಿಂದ ಕೂಡಿಸಿ, ಒಲೆ ಮೇಲಿನ ನಾಗಂದಿಗೆಯಲ್ಲಿ ಅಕ್ಕಿ ಡಬ್ಬದೊಳಗೆ ಇಟ್ಟಿದ್ದೆ. ಈ ಸಲ ಏನು ಮಾಡಲಿ?

ಡಾಕ್ಟರ್: ಒಲೆ ಮೇಲಿನ ನಾಗಂದಿಗೆ ಅಂದಿರಲ್ಲ ಅಮ್ಮ, ಅಲ್ಲೇ ಇದೆ ನೋಡಿ ಉತ್ತರ. ಹೇಂಟೆದೂ ತಪ್ಪಿಲ್ಲ, ಗುಡುಗಿಂದೂ ಇಲ್ಲ. ಕಾವಿಗೆ ಇಡುವ ಮೊದಲೇ ಮೊಟ್ಟೆ ಕೆಟ್ಟಿರಬೇಕು.

ಹುಂಜ ಸೇರಿದ ಮೊಟ್ಟೆ ತಣ್ಣಗಿರುವಷ್ಟು ದಿನ ಒಳಗಿನ ಜೀವ ಸುಮ್ನೆ ಇರುತ್ತೆ. 24 ಡಿಗ್ರಿ ಆಸುಪಾಸು ದಾಟಿತು ಅಂದರೆ ಮೆಲ್ಲಗೆ ಬೆಳೆಯಲು ಶುರು ಮಾಡುತ್ತೆ. ಆದರೆ ಮರಿಯಾಗಲು 37-38 ಡಿಗ್ರಿ ಕಾವು ಬೇಕು, ಅದು ಒಲೆ ಮೇಲೆ ಒಂದೇ ಸಮ ಸಿಗಲ್ಲ, ಹಗಲು ಬಿಸಿ ರಾತ್ರಿ ತಂಪು, ಹೀಗೆ ಆಗಿ ಆಗಿ ಅಲ್ಲೇ ಸಾಯುತ್ತೆ. ಪಾಪ, ಹೇಂಟೆ ಸತ್ತ ಮೊಟ್ಟೆ ಮೇಲೆ ಮೂರು ವಾರ ಕೂರುತ್ತೆ. ನಮ್ಮ ಕಡೆ ಗುಡುಗು ಜಾಸ್ತಿ ಏಪ್ರಿಲ್, ಮೇನಲ್ಲಿ. ಸೆಖೆಯೂ ಆಗಲೇ. ಕೆಡಿಸೋದು ಸೆಖೆ, ಬೈಸಿಕೊಳ್ಳೋದು ಗುಡುಗು. ಅತ್ತೆಯವರ ಸಮಾಧಾನಕ್ಕೆ ಒಂದು ಮೊಳೆ ಬುಟ್ಟಿ ತಳಕ್ಕೆ ಹಾಕಿ, ನಷ್ಟ ಏನಿಲ್ಲ.

ಈ ಸಲ ಒಂದು ವಾರದೊಳಗಿನ ಮೊಟ್ಟೆ ಮಾತ್ರ ಇಡಿ, ಹತ್ತು ದಿನ ದಾಟಿದ್ದು ಸಾರಿಗೆ ಹಾಕಿ. ಕೂಡಿಸುವಾಗ ಮನೆಯಲ್ಲಿ ತಂಪಾಗಿರುವ ಮೂಲೆ ಹುಡುಕಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಫ್ರಿಜ್ ಬೇಡ. ತೊಳೆಯಬೇಡಿ, ಸಿಪ್ಪೆ ಮೇಲಿನ ಪೊರೆ ಹೋದರೆ ರೋಗಾಣು ಒಳಗೆ ನುಗ್ಗುತ್ತೆ. ಹದಿನೈದೂ ಜಾಸ್ತಿ ಆಯ್ತು. ನಾಟಿ ಹೇಂಟೆಯ ಎದೆ ಕೆಳಗೆ ಹತ್ತು ಹನ್ನೆರಡು ಹಿಡಿಯುತ್ತೆ, ಮಿಕ್ಕಿದ್ದು ಸರದಿಯಲ್ಲಿ ಹೊರಗೆ ಉಳಿದು ತಣ್ಣಗಾಗುತ್ತೆ. ಎಲ್ಲವನ್ನೂ ಒಂದೇ ದಿನ, ಕತ್ತಲಾದ ಮೇಲೆ ಇಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ. ಬೇರೆ ಕೋಳಿ ಬಂದು ಅದೇ ಬುಟ್ಟಿಗೆ ಮೊಟ್ಟೆ ಇಟ್ಟು ಹೋಗುತ್ತೆ, ಗುರುತಿಲ್ಲದ್ದು ಕಂಡರೆ ಅವತ್ತೇ ತೆಗೆದುಬಿಡಿ.

ಅವರೇ: ಬುಟ್ಟಿಗೆ ದರಗು (ಒಣಗಿದ ಎಲೆ) ಹಾಕಬಹುದಾ? ಒಳಗೆ ಮರಿ ಇದೆಯೋ ಇಲ್ವೋ ಮೊದಲೇ ಗೊತ್ತಾಗುತ್ತಾ?

ಡಾಕ್ಟರ್: ಮಳೆ ಹಿಡಿದರೆ ದರಗು ಬೂಸ್ಟು ಬರುತ್ತೆ, ಒಣ ಭತ್ತದ ಹುಲ್ಲು ಒಳ್ಳೇದು. ಹುಲ್ಲಿನಡಿ ಒಂದು ಹಿಡಿ ಬೂದಿ ಹಾಕಿದರೆ ಹೇನು ಕಮ್ಮಿ. ಹೇನು ಕಚ್ಚುತ್ತಿದ್ದರೆ ಎಂಥ ಹೇಂಟೆಯೂ ಎದ್ದು ಹೋಗುತ್ತೆ.

ಏಳನೇ ದಿನ ರಾತ್ರಿ ನೋಡಿ. ದೀಪ ಆರಿಸಿ, ಮೊಟ್ಟೆಯ ಅಗಲದ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ಹಿಡಿದು, ಬೆಳಕು ಸೋರದಂತೆ ಬೆರಳು ಸುತ್ತಿ. ಒಳಗೆ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡರ ಕಾಲಿನಂತೆ ಸುತ್ತ ಹರಡಿದ ಕೆಂಪು ನರ ಕಂಡರೆ ಮರಿ ಬೆಳೀತಿದೆ. ನರ ಇಲ್ಲದೆ ಬರೀ ಕೆಂಪು ಉಂಗುರ ಇದ್ದರೆ ಸತ್ತಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಬಹುಶಃ ಹುಂಜ ಸೇರಿಲ್ಲ. ಇವೆರಡನ್ನೂ ತೆಗೆಯಿರಿ, ಕೊಳೆತು ಒಡೆದರೆ ಪಕ್ಕದವೂ ಹಾಳು. 18ನೇ ದಿನದ ಮೇಲೆ ಮಾತ್ರ ಮುಟ್ಟಲೇಬೇಡಿ.

ಹೇಂಟೆ ದಿನಕ್ಕೊಮ್ಮೆ ಎದ್ದು ತಿಂದು, ಗಬ್ಬು ನಾರುವ ದೊಡ್ಡ ಹಿಕ್ಕೆ ಹಾಕಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ವಾಪಸ್ ಬರುತ್ತೆ. ಗಾಬರಿ ಬೇಡ. ಕಾಳು, ನೀರು ಹತ್ತಿರದಲ್ಲೇ ಇಡಿ.

ಸಾಗರದ ಒಬ್ಬರು: ಸರ್, ನಮ್ಮ ಗಿರಿರಾಜ ತಳಿಯ ಕೋಳಿ ಕಾವಿಗೇ ಕೂರಲ್ಲ. ಅದರ ಮೊಟ್ಟೆ ನಾಟಿ ಹೇಂಟೆಗೆ ಇಡಬಹುದಾ? ಇನ್ನೊಂದು, ಹೋದ ಸಲ ಮರಿ ಸಿಪ್ಪೆ ಒಡೆದು ಅರ್ಧ ದಿನ ಹಾಗೇ ಇತ್ತು, ನಾನೇ ಬಿಡಿಸಿದೆ, ಸತ್ತಿತು.

ಡಾಕ್ಟರ್: ಧಾರಾಳವಾಗಿ ಇಡಿ. ದೊಡ್ಡ ಮೊಟ್ಟೆ ಅಲ್ವಾ, ಎಂಟೊಂಬತ್ತು ಸಾಕು. ಹುಂಜ ಜೊತೆಗಿರಬೇಕು ಅಷ್ಟೆ. ಅಂಗಡಿಯ ಫಾರಂ ಮೊಟ್ಟೆ ತಂದಿಟ್ಟು ಕಾಯಬೇಡಿ, ಅಲ್ಲಿ ಹುಂಜವೇ ಇರಲ್ಲ.

ಸಿಪ್ಪೆ ಬಿಡಿಸೋದು ಬೇಡ ಸರ್. ಮೊದಲ ಬಿರುಕಿನಿಂದ ಹೊರಬರಲು ಒಂದು ದಿನ ಹಿಡಿದರೂ ಸಹಜ. ಆ ಹೊತ್ತಿನಲ್ಲಿ ಪೊರೆಯ ರಕ್ತ, ಮಿಕ್ಕ ಹಳದಿ ಎಲ್ಲ ಮರಿಯ ಮೈಗೆ ಸೇರುತ್ತಾ ಇರುತ್ತೆ. ಅವಸರ ಮಾಡಿದರೆ ರಕ್ತ ಹೋಗುತ್ತೆ. ಆ ದಿನ ನೋಡಬೇಕಾದ್ದು ಕೆಂಪಿರುವೆ. ಬಿರುಕಿನ ವಾಸನೆಗೆ ಸಾಲು ಕಟ್ಟಿ ಬರುತ್ತವೆ, ಬುಟ್ಟಿಯನ್ನು ಮಣೆ ಮೇಲಿಟ್ಟು ಮಣೆಯ ಕಾಲನ್ನು ನೀರಿನ ಬಟ್ಟಲಲ್ಲಿ ಇಡಿ.

ಅವರೇ: ಲಸಿಕೆ ಯಾವಾಗ ಸರ್?

ಡಾಕ್ಟರ್: ಐದರಿಂದ ಏಳು ದಿನದ ಮರಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸೋಟ ಲಸಿಕೆ, ಕಣ್ಣಿಗೊಂದು ಹನಿ. ಎಂಟನೇ ವಾರಕ್ಕೆ ಅದೇ ರೋಗಕ್ಕೆ ಆರ್2ಬಿ ಅನ್ನೋ ಲಸಿಕೆಯ ಇಂಜೆಕ್ಷನ್. ಒಂದು ಬಾಟಲಿ ತೆರೆದರೆ ನೂರು ಮರಿಗೆ ಆಗುತ್ತೆ, ಉಳಿದದ್ದು ನಾಳೆಗೆ ಬರಲ್ಲ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಒಂದೇ ವಾರ ಕಾವಿಗೆ ಕೂರಿಸಿ, ಒಟ್ಟಿಗೆ ತರಿಸಿ. ಐಸ್ ಹಾಕಿದ ಥರ್ಮಾಸ್ ತರೋದು ಮರೀಬೇಡಿ, ಬಸ್ಸಿನ ಸೆಖೆಗೆ ಲಸಿಕೆಯೂ ಕೆಡುತ್ತೆ.